ಮನೆಯಲ್ಲೇ ಕಲಸಿದ ಕರಿಹಲಗೆ ಬಣ್ಣ: ಬರೆದದ್ದು ಅಳಿಸುತ್ತಿಲ್ಲ, ಬಾಟಲಿಯಿಂದ ಸಿಪ್ಪೆ ಏಳುತ್ತಿದೆ

ಸಾಸಿವೆಡಬ್ಬಿ (ಮೈಸೂರು) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಇದೇ ತಲೆನೋವು. ದಯವಿಟ್ಟು ಯಾರಾದರೂ ದಾರಿ ಹೇಳಿ.

ನಮ್ಮದು ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಹಚ್ಚುವಂತಿಲ್ಲ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ, ಸಾಮಾನಿನ ಪಟ್ಟಿ ಬರೆದಿಡಲು ಒಂದು ಕರಿಹಲಗೆ ಬೇಕು ಅಂತ ಬಹಳ ದಿನದ ಆಸೆ. ದುಡ್ಡು ಜಾಸ್ತಿ ಹಾಕುವುದು ಬೇಡ ಅಂತ ಮನೆಯಲ್ಲಿ ಉಳಿದಿದ್ದ ಬಿಳಿ ಎಮಲ್ಷನ್ (ನೀರಿನ) ಪೇಂಟಿಗೆ ಕಪ್ಪು ಸ್ಟೇನರ್, ಅಂದರೆ ಪೇಂಟಿಗೆ ಬಣ್ಣ ಕೊಡುವ ದ್ರವ, ಹಾಕಿದೆ. ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿಯನ್ನೂ ಬೆರೆಸಿ ಕಲಸಿದೆ. ಹಾಗೆ ಮಾಡಬಹುದು ಅಂತ ಎಲ್ಲೋ ನೋಡಿದ್ದೆ.

ಹಚ್ಚಿದ್ದು ನಾಲ್ಕು ಕಡೆ. ಅಮ್ಮನ ಮನೆಯಿಂದ ಬಂದ ಹಳೇ ಮರದ ಬೀರುವಿನ ಬಾಗಿಲು, ಆರು ಗಾಜಿನ ಬಾಟಲಿ, ದೊಡ್ಡಪತ್ರೆ ಇರುವ ಎರಡು ಮಣ್ಣಿನ ಕುಂಡ, ಮತ್ತೆ ದಸರಾ ಗೊಂಬೆಗಳ ಮುಂದೆ ಇಡಲು ರಟ್ಟಿನ ಹೆಸರುಪಟ್ಟಿಗಳು.

ಒಂದೂ ಸರಿಯಾಗಲಿಲ್ಲ. ಬಾಗಿಲು ಕಪ್ಪಾಗದೆ ಬೂದಿ ಬಣ್ಣಕ್ಕೆ ನಿಂತಿದೆ. ಮೊದಲ ದಿನ ಬರೆದ "ಹಾಲು 2, ಮೊಸರು 1" ಎಷ್ಟು ಒರೆಸಿದರೂ ನೆರಳಿನ ಹಾಗೆ ಕಾಣುತ್ತಲೇ ಇದೆ. ಜೋರಾಗಿ ಉಜ್ಜಿದರೆ ಬಟ್ಟೆಗೆ ಮಸಿ ಹತ್ತುತ್ತದೆ. ಬಾಟಲಿಗಳನ್ನು ನಲ್ಲಿ ಕೆಳಗೆ ಹಿಡಿದೆ, ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು. "ಮೆಂತ್ಯ" ಅಂತ ಬರೆದಿದ್ದ ಪಟ್ಟಿ ಅಕ್ಷರದ ಸಮೇತ ನನ್ನ ಬೆರಳಿಗೆ ಸುತ್ತಿಕೊಂಡಿತು. ಕುಂಡದ ಮೇಲೆ ಗುಳ್ಳೆ ಎದ್ದಿದೆ, ಬಿಳಿ ಬಿಳಿ ಪುಡಿ ಬರುತ್ತಿದೆ. ರಟ್ಟುಗಳು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಾಗಿವೆ.

ಎಲ್ಲ ತೆಗೆದು ಬಿಸಾಡಬೇಕಾ, ಇಲ್ಲ ಉಳಿಸಿಕೊಳ್ಳಬಹುದಾ?


ಗಾರೆಗುಂಡು (ಶಿವಮೊಗ್ಗ) ಬರೆದದ್ದು:

ಸಾಸಿವೆಡಬ್ಬಿ ಅವರೇ, ಏನನ್ನೂ ಬಿಸಾಡಬೇಡಿ. ನಾನು ಇಪ್ಪತ್ತು ವರ್ಷದಿಂದ ಪೇಂಟಿಂಗ್ ಕೆಲಸ ಮಾಡಿಸುತ್ತಿದ್ದೇನೆ. ಶಾಲೆಗಳ ಹಲಗೆಗೆ ಬಣ್ಣ ಹೊಡೆಸಿದ್ದೂ ಉಂಟು. ನೀವು ಹೇಳಿದ ನಾಲ್ಕೂ ತೊಂದರೆಗೆ ಕಾರಣ ಬೇರೆ ಬೇರೆ ಅನಿಸುತ್ತಿದೆ. ಮೊದಲು ಇಷ್ಟು ಹೇಳಿ:

ಎಷ್ಟು ಪೇಂಟಿಗೆ ಎಷ್ಟು ಸ್ಟೇನರ್ ಹಾಕಿದಿರಿ? ಗ್ರೌಟ್ ಬೆರಳಲ್ಲಿ ತಿಕ್ಕಿದರೆ ಮೈದಾ ಹಾಗಿತ್ತಾ, ಚಿರೋಟಿ ರವೆ ಹಾಗಿತ್ತಾ? ಬಾಗಿಲಿನ ಹಳೇ ಬಣ್ಣ ಹೊಳೆಯುತ್ತಿತ್ತಾ? ಅದು ಯಾವ ಕಾಲದ್ದು? ಹಚ್ಚುವ ಮೊದಲು ಎಮರಿ ಪೇಪರ್ ತಿಕ್ಕಿದಿರಾ? ಬಣ್ಣ ಹಚ್ಚಿ ಎಷ್ಟು ಹೊತ್ತಿಗೆ ಬರೆದಿರಿ, ಯಾವುದರಲ್ಲಿ ಒರೆಸಿದಿರಿ?


ಸಾಸಿವೆಡಬ್ಬಿ ಬರೆದದ್ದು:

ಇಷ್ಟು ಬೇಗ ಉತ್ತರ ಬಂತು, ತುಂಬಾ ಥ್ಯಾಂಕ್ಸ್ ಸರ್.

ಪೇಂಟ್ ಸುಮಾರು ಅರ್ಧ ಲೀಟರ್ ಇತ್ತು. ಮೊದಲು 100 ಎಂಎಲ್‌ನ ಒಂದು ಬಾಟಲಿ ಸ್ಟೇನರ್ ಹಾಕಿದೆ. ಕಪ್ಪಾಗಲಿಲ್ಲ ಅಂತ ಇನ್ನೊಂದು ಬಾಟಲಿ ಸುರಿದೆ. ಗ್ರೌಟ್ ಅಳತೆ ಮಾಡಲಿಲ್ಲ, ಒಂದು ಲೋಟ ಇರಬಹುದು. ತಿಕ್ಕಿದರೆ ನಯವಾಗಿಯೇ ಇತ್ತು. ಬಾಗಿಲಿಗೆ ಹೊಳೆಯುವ ಆಯಿಲ್ ಪೇಂಟ್ ಇದೆ. ಬೀರು ಅಮ್ಮನ ಮದುವೆ ಕಾಲದ್ದು, ಬಣ್ಣವೂ ಹೆಚ್ಚುಕಡಿಮೆ ಅಷ್ಟೇ ಹಳತು. ಎಮರಿ ತಿಕ್ಕಲಿಲ್ಲ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದೆ ಅಷ್ಟೇ. ರಾತ್ರಿ ಹಚ್ಚಿದೆ, ಬೆಳಿಗ್ಗೆ ಮುಟ್ಟಿದರೆ ಒಣಗಿತ್ತು. ತಕ್ಷಣ ಬರೆದೆ. ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಬಾಗಿಲ ಕೆಳಭಾಗ ಅವಳದ್ದು ಅಂತ ಮಾತು ಕೊಟ್ಟುಬಿಟ್ಟಿದ್ದೇನೆ.


ಗಾರೆಗುಂಡು ಬರೆದದ್ದು:

ಈಗ ಗೊತ್ತಾಯಿತು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಮೊದಲು ಬೂದಿ ಬಣ್ಣದ ವಿಷಯ. ಬಿಳಿ ಪೇಂಟಿನಿಂದ ಕಪ್ಪು ಬರುವುದೇ ಇಲ್ಲ. ಡಬ್ಬಿಯೊಳಗೆ ಬಿಳಿ ಬಣ್ಣದ ಪುಡಿ ತುಂಬಿರುತ್ತದೆ, ನೀವು ಎಷ್ಟು ಕಪ್ಪು ಸುರಿದರೂ ಬೂದಿಯೇ. ಇನ್ನೊಂದು ವಿಷಯ, ಸ್ಟೇನರ್‌ನಲ್ಲಿ ಬಣ್ಣ ಇರುತ್ತದೆ, ಅದನ್ನು ಹಿಡಿದಿಡುವ ಅಂಟು ಇರುವುದಿಲ್ಲ. ಅಂಟು ಇರುವುದು ಪೇಂಟಿನಲ್ಲಿ. ನಾನು ಲೀಟರಿಗೆ 30 ಎಂಎಲ್ ದಾಟಿಸುವುದಿಲ್ಲ. ನೀವು ಅರ್ಧ ಲೀಟರಿಗೆ 200 ಎಂಎಲ್ ಹಾಕಿದ್ದೀರಿ. ಅದರ ಮೇಲೆ ಒಂದು ಲೋಟ ಗ್ರೌಟ್ ಬೇರೆ. ಇದ್ದ ಸ್ವಲ್ಪ ಅಂಟು ಇಷ್ಟೆಲ್ಲವನ್ನು ಹಿಡಿದುಕೊಳ್ಳಲು ಸಾಲದು. ಬಟ್ಟೆಗೆ ಮಸಿ ಹತ್ತುವುದು ಅದಕ್ಕೇ. ಆ ಕಲಸಿದ ಬಣ್ಣವನ್ನು ಮತ್ತೆ ಬಳಸಬೇಡಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಗ್ರೌಟ್‌ನಲ್ಲಿ ಸಿಮೆಂಟ್ ಇರುತ್ತದೆ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಳೇ ಪೇಪರ್ ಮೇಲೆ ಹರಡಿ ಒಣಗಿಸಿ ಕಸಕ್ಕೆ ಹಾಕಿ.

ಎರಡನೆಯದು ಬಾಗಿಲು. ಆಯಿಲ್ ಪೇಂಟ್ ಗಾಜಿನ ಹಾಗೆ ನುಣುಪು. ನೀರಿನ ಪೇಂಟಿಗೆ ಅದರ ಮೇಲೆ ಕಚ್ಚಿಕೊಳ್ಳಲು ಏನೂ ಸಿಗುವುದಿಲ್ಲ. ಬೇರೆ ಬಾಗಿಲಾಗಿದ್ದರೆ "ಎಮರಿ ತಿಕ್ಕಿ, ಅಡಿಪದರವಾಗಿ ಪ್ರೈಮರ್ ಹಚ್ಚಿ, ಮತ್ತೆ ಶುರು ಮಾಡಿ" ಅನ್ನುತ್ತಿದ್ದೆ. ನಿಮಗೆ ಹಾಗೆ ಹೇಳುವುದಿಲ್ಲ. ಹಳೇ ಕಾಲದ ಆಯಿಲ್ ಪೇಂಟಿನಲ್ಲಿ ಸೀಸ (ಮಕ್ಕಳಿಗೆ ವಿಷವಾದ ಲೋಹ) ಇರುವ ಸಾಧ್ಯತೆ ಜಾಸ್ತಿ. ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಬೀರು ಅದಕ್ಕಿಂತ ಎಷ್ಟೋ ಹಳತು. ತಿಕ್ಕಿದರೆ ಆ ಪುಡಿ ನೆಲದ ಮೇಲೆ ಕೂರುತ್ತದೆ. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ, ಅಲ್ವಾ? ಆ ಬಾಗಿಲನ್ನು ತಿಕ್ಕಲೇಬೇಡಿ.

ಅದರ ಮೇಲೆ ಈಗಿರುವ ಬೂದಿ ಪದರ ತೆಗೆಯುವುದು ಸುಲಭ. ಹತ್ತಿಗೆ ಸ್ಪಿರಿಟ್ (ಮೆಡಿಕಲ್ ಅಂಗಡಿಯಲ್ಲಿ ಸಿಗುವುದು) ಹಚ್ಚಿ ಮೆತ್ತಗೆ ಒತ್ತಿ ಹಿಡಿಯಿರಿ. ಎಮಲ್ಷನ್ ಮೆತ್ತಗಾಗುತ್ತದೆ, ಕೆಳಗಿನ ಆಯಿಲ್ ಪೇಂಟಿಗೆ ಏನೂ ಆಗುವುದಿಲ್ಲ. ಹಳೇ ಪ್ಲಾಸ್ಟಿಕ್ ಕಾರ್ಡಿನಲ್ಲಿ ತಳ್ಳಿದರೆ ಸಿಪ್ಪೆಯಾಗಿ ಬರುತ್ತದೆ. ಕಬ್ಬಿಣದ ಪಟ್ಟಿ ಬೇಡ, ಗೀರು ಬೀಳುತ್ತದೆ. ಕಿಟಕಿ ತೆರೆದಿರಲಿ, ಒಲೆ ಆರಿಸಿರಲಿ. ಯಾವ ಬಾಗಿಲಿಗೆ ಯಾವ ಪೇಂಟ್ ಇದೆ ಅಂತ ತಿಳಿಯಲಿಕ್ಕೂ ನಾವು ಮಾಡುವುದು ಇದೇ ಪರೀಕ್ಷೆ. ಮೂಲೆಯಲ್ಲಿ ಸ್ಪಿರಿಟ್ ಹತ್ತಿ ತಿಕ್ಕಿದಾಗ ಬಣ್ಣ ಹತ್ತಿಗೆ ಬಂದರೆ ನೀರಿನ ಪೇಂಟ್, ಬರದಿದ್ದರೆ ಆಯಿಲ್ ಪೇಂಟ್.

ಹಲಗೆಯನ್ನು ಪ್ರತ್ಯೇಕವಾಗಿ ಮಾಡಿ. ಬಡಗಿ ಅಂಗಡಿಯಲ್ಲಿ 4 ಎಂಎಂ ಪ್ಲೈವುಡ್ ತುಂಡುಗಳು ಬಿದ್ದಿರುತ್ತವೆ. ಒಂದೂವರೆ ಅಡಿ, ಎರಡು ಅಡಿಯ ತುಂಡು ಸಾಕು. ಅದನ್ನು ಬಾಗಿಲಿಗೆ ಡಬಲ್ ಟೇಪಿನಲ್ಲಿ ಅಂಟಿಸಬಹುದು. ಮನೆ ಬದಲಿಸುವಾಗ ಹಲಗೆಯೂ ಜೊತೆಗೆ ಬರುತ್ತದೆ.

ಕಪ್ಪು ಪೇಂಟಿಗೆ ಎರಡು ದಾರಿ. ಪೇಂಟ್ ಅಂಗಡಿಯಲ್ಲಿ "ಡಾರ್ಕ್ ಬೇಸ್‌ನಲ್ಲಿ ಕಪ್ಪು, ಮ್ಯಾಟ್ (ಹೊಳಪಿಲ್ಲದ್ದು)" ಅಂತ ಕೇಳಿ ಮೆಷಿನ್‌ನಲ್ಲಿ ಮಾಡಿಸುವುದು ಒಂದು. ಸಣ್ಣ ಕೆಲಸಕ್ಕೆ ಅಷ್ಟು ಬೇಡ ಅಂದರೆ ಸ್ಟೇಷನರಿ ಅಂಗಡಿಯ ಕಪ್ಪು ಅಕ್ರಿಲಿಕ್ ಬಾಟಲಿ ತನ್ನಿ. ನಿಮ್ಮ ಹಲಗೆಗೆ ಎರಡು ಕೋಟ್ ಹಚ್ಚಲು ಅರ್ಧ ಕಪ್ ಪೇಂಟ್ ಸಾಕಾಗುತ್ತದೆ. ಒಂದು ಕಪ್ ಪೇಂಟಿಗೆ ಎರಡು ಟೇಬಲ್ ಚಮಚ ಗ್ರೌಟ್ ಲೆಕ್ಕ. ಅಂದರೆ ನಿಮಗೆ ಒಂದೇ ಚಮಚ, ತಲೆ ಸವರಿ. ಮರಳಿಲ್ಲದ ನಯವಾದ ಸಿಮೆಂಟ್ ಗ್ರೌಟ್ ಆಗಬೇಕು. ಎಪಾಕ್ಸಿ ಗ್ರೌಟ್ ಅಂತ ಎರಡು ಮೂರು ಭಾಗವಾಗಿ ಬರುತ್ತದೆ, ಅದು ಇದಕ್ಕೆ ಆಗದು. ಪುಡಿ ಕಲಸುವಾಗ ಮೂಗಿಗೆ ಬಟ್ಟೆಯಲ್ಲ, ಮಾಸ್ಕ್ ಹಾಕಿ. ಗಂಟಿಲ್ಲದ ಹಾಗೆ ಕಲಸಿ, ಹಳೇ ನೈಲಾನ್ ಕಾಲುಚೀಲದಲ್ಲಿ ಸೋಸಿ. ಅರ್ಧ ಗಂಟೆಯೊಳಗೆ ಹಚ್ಚಿ ಮುಗಿಸಿ.

ಪ್ಲೈಗೆ ಎರಡೂ ಕಡೆ ವುಡ್ ಪ್ರೈಮರ್ ಹಚ್ಚಬೇಕು. ಒಂದೇ ಕಡೆ ಹಚ್ಚಿದರೆ ಬಾಗುತ್ತದೆ. ನಿಮ್ಮ ರಟ್ಟು ಹಪ್ಪಳವಾದದ್ದಕ್ಕೂ ಇದೇ ಕಾರಣ. ಒಂದು ಮುಖ ನೀರು ಕುಡಿದು ಹಿಗ್ಗಿತು, ಒಣಗುವಾಗ ಎಳೆಯಿತು, ಇನ್ನೊಂದು ಮುಖ ಸುಮ್ಮನೆ ಇತ್ತು. ಪ್ರೈಮರ್ ಒಣಗಿದ ಮೇಲೆ 220 ನಂಬರ್ ಎಮರಿಯಲ್ಲಿ ಹಗುರವಾಗಿ ಕೈಯಾಡಿಸಿ. ಸ್ಪಂಜಿನ ರೋಲರ್‌ನಲ್ಲಿ ಮೊದಲ ಕೋಟ್ ಅಡ್ಡಕ್ಕೆ, ನಾಲ್ಕು ಗಂಟೆ ಬಿಟ್ಟು ಎರಡನೇ ಕೋಟ್ ಉದ್ದಕ್ಕೆ. ತೆಳುವಾಗಿರಲಿ.

ಈಗ ನಿಮ್ಮ "ಹಾಲು 2, ಮೊಸರು 1" ಯಾಕೆ ಹೋಗುತ್ತಿಲ್ಲ ಅನ್ನುವುದು. ಕೈಗೆ ಅಂಟದಂತೆ ಒಣಗುವುದು ಬೇರೆ, ಒಳಗಿನಿಂದ ಗಟ್ಟಿಯಾಗುವುದು ಬೇರೆ. ಬೆಳಿಗ್ಗೆ ನೀವು ಮುಟ್ಟಿದಾಗ ಮೇಲುಪದರ ಮಾತ್ರ ಒಣಗಿತ್ತು. ಸೀಮೆಸುಣ್ಣ ಒತ್ತಿದಾಗ ಅದು ಮೆತ್ತಗಿನ ಬಣ್ಣದೊಳಗೆ ಇಳಿದು ಕೂತಿತು. ಕೊನೇ ಕೋಟ್ ಆದ ಮೇಲೆ ಮೂರು ಪೂರ್ತಿ ದಿನ ಮುಟ್ಟಬೇಡಿ. ಮೋಡ ಇದ್ದರೆ ಒಂದು ವಾರ. ಉಗುರಲ್ಲಿ ಮೂಲೆ ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೂ ಕಾಯಿರಿ.

ಗಟ್ಟಿಯಾಯಿತಾ? ಆಗಲೂ ಬರೆಯಬೇಡಿ. ಒಂದು ಇಡೀ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಹಲಗೆ ತುಂಬ ಉಜ್ಜಿ. ಮೇಲಿಂದ ಕೆಳಗೆ ಒಂದು ಸಲ, ಎಡದಿಂದ ಬಲಕ್ಕೆ ಇನ್ನೊಂದು ಸಲ. ಹಲಗೆ ಪೂರ್ತಿ ಬೆಳ್ಳಗಾಗಬೇಕು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ. ಮೇಲ್ಮೈಯ ಸಣ್ಣ ಸಣ್ಣ ಗುಂಡಿಗಳಲ್ಲೆಲ್ಲ ಸಮನಾಗಿ ಪುಡಿ ತುಂಬಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಮೊದಲು ಬರೆದ ಅಕ್ಷರದ ಜಾಗದಲ್ಲಿ ಮಾತ್ರ ಪುಡಿ ತುಂಬಿ, ಅದೇ ನೆರಳಾಗಿ ಉಳಿಯುತ್ತದೆ. ಎಷ್ಟೋ ಜನ ಸೋಲುವುದು ಈ ಎರಡು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ. ಮೊದಲ ವಾರ ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಬಾಟಲಿ, ಕುಂಡದ ಬಗ್ಗೆ ರಾತ್ರಿ ಬರೆಯುತ್ತೇನೆ, ಸೈಟಿಗೆ ಹೊರಡಬೇಕು.


ಒಂದನೇಕ್ಲಾಸಿನಟೀಚರ್ (ಧಾರವಾಡ) ಬರೆದದ್ದು:

ಗಾರೆಗುಂಡು ಅಣ್ಣಾವ್ರು ಹೇಳಿದ್ದು ನೂರಕ್ಕೆ ನೂರು ಖರೆ. ಹೊಸ ಹಲಗೆ ಬಂದಾಗ ನಮ್ಮ ಶಾಲೆಯಲ್ಲೂ ಮೊದಲು ಇಡೀ ಹಲಗೆಗೆ ಸೀಮೆಸುಣ್ಣ ಉಜ್ಜಿಯೇ ಪಾಠ ಶುರು ಮಾಡುತ್ತೇವೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ. ಶನಿವಾರ ಮುಂಜಾನೆ ಹಲಗೆ ಬಳಿಯುವ ಸರದಿ ನಮ್ಮದು. ಒಲೆಯ ಇದ್ದಿಲು ಕುಟ್ಟಿ ಪುಡಿ ಮಾಡಿ, ತೊಂಡೆ ಸೊಪ್ಪಿನ ರಸ ಹಿಂಡಿ, ಎರಡನ್ನೂ ಕಲ್ಲಿನ ಮೇಲೆ ಅರೆಯುತ್ತಿದ್ದೆವು. ಕೈಯೆಲ್ಲ ಕಪ್ಪು ಹಸಿರು. ಬಟ್ಟೆ ಅದ್ದಿ ಬಳಿದು ಬಿಸಿಲಿಗೆ ಒರಗಿಸಿಟ್ಟರೆ ಸೋಮವಾರಕ್ಕೆ ಅಕ್ಷರ ಮುತ್ತಿನ ಹಾಗೆ ಕಾಣುತ್ತಿತ್ತು. ಇದ್ದಿಲಿನ ಸಣ್ಣ ಕಾಳೇ ಸೀಮೆಸುಣ್ಣವನ್ನು ಹಿಡಿಯುತ್ತಿತ್ತು ಅಂತ ಈಗ ತಿಳಿಯುತ್ತದೆ. ನಿಮ್ಮ ಗ್ರೌಟ್ ಮಾಡುವ ಕೆಲಸವೂ ಅದೇ. ಕೆಲವು ಹುಡುಗರು ಟಾರ್ಚಿನ ಹಳೇ ಸೆಲ್ ಒಡೆದು ಒಳಗಿನ ಕಪ್ಪು ಪುಡಿ ತರುತ್ತಿದ್ದರು. ಅದರಲ್ಲಿ ಮ್ಯಾಂಗನೀಸ್ ಇರುತ್ತದೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಯಾರೂ ಮಾಡಬೇಡಿ.

ರಟ್ಟಿನ ಬದಲು ಇನ್ನೊಂದು ಮಾತು ಹೇಳಲಾ? ಮನೆಯಲ್ಲಿ ಹಳೇ ಪಾಟಿ ಇದ್ದರೆ ಹುಡುಕಿ. ಕಲ್ಲಿನ ಪಾಟಿ ಒಡೆದಿದ್ದರೂ ತುಂಡುಗಳು ಉಪಯೋಗಕ್ಕೆ ಬರುತ್ತವೆ. ಅಂಚನ್ನು ಒದ್ದೆ ಮಾಡಿ ಕಲ್ಲಿಗೆ ತಿಕ್ಕಿ ನಯ ಮಾಡಿದರೆ ಗೊಂಬೆ ಮುಂದೆ ಇಡುವ ಹೆಸರುಪಟ್ಟಿ ತಯಾರ್. ಬಣ್ಣವೂ ಬೇಡ, ಗ್ರೌಟೂ ಬೇಡ. ಬಳಪದಲ್ಲಿ ಬರೆದರೆ ಅಕ್ಷರ ಸಣ್ಣಗೆ ಚೆಂದ ಬರುತ್ತದೆ.

ದಸರಾ ಹತ್ತು ದಿನ ಅಕ್ಷರ ಅಳಿಸಬಾರದು ಅಂದರೆ ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬರೆಯಿರಿ. ಒಣಗಿದ ಮೇಲೆ ದಟ್ಟ ಬಿಳುಪು, ಕೈ ತಾಗಿದರೂ ಹೋಗದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಇರುವೆ ಬಂದೀತು, ಅಡುಗೆಮನೆ ಹಲಗೆಗೆ ಮಾತ್ರ ಇದನ್ನು ಮಾಡಬೇಡಿ.


ಸಾಸಿವೆಡಬ್ಬಿ ಬರೆದದ್ದು:

ಟೀಚರ್, ನನ್ನ ಅಜ್ಜಿಯ ಟ್ರಂಕಿನಲ್ಲಿ ಒಂದು ಪಾಟಿ ಇದೆ! ನಾವು ಸ್ಲೇಟು ಅಂತೀವಿ. ಮರದ ಚೌಕಟ್ಟು ಸಡಿಲವಾಗಿದೆ, ಆದರೆ ಕಲ್ಲು ಪೂರ್ತಿ ಇದೆ. ಅದನ್ನು ತುಂಡು ಮಾಡಲು ಮನಸ್ಸಿಲ್ಲ. ಅದನ್ನೇ ಮಗಳಿಗೆ ಕೊಡುತ್ತೇನೆ.

ಗಾರೆಗುಂಡು ಸರ್, ಸೀಸದ ವಿಷಯ ಓದಿ ಎದೆ ಝಲ್ ಅಂತು. ಎಮರಿ ತಿಕ್ಕಿರಲಿಲ್ಲವಲ್ಲ, ಅದೇ ಸಮಾಧಾನ. ನಾಳೆಯೇ ಬಡಗಿ ಹತ್ತಿರ ಹೋಗುತ್ತೇನೆ.


ಹೊಸಿಲುರಂಗೋಲಿ (ತುಮಕೂರು) ಬರೆದದ್ದು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮೂರ ಅಂಗಡಿಯಲ್ಲಿ ಗ್ರೌಟ್ ಐದು ಕೆಜಿ ಚೀಲವೇ ತಗೋಬೇಕು ಅನ್ನುತ್ತಾರೆ. ಅದರ ಬದಲು ರಂಗೋಲಿ ಪುಡಿ ಹಾಕಬಹುದಾ? ಇಲ್ಲ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್)?


ಗಾರೆಗುಂಡು ಬರೆದದ್ದು:

ರಂಗೋಲಿ ಪುಡಿ ಬೇಡಮ್ಮ. ಅದು ಕಲ್ಲಿನ ಪುಡಿ, ಕಾಳು ದಪ್ಪ. ಪೇಂಟಿನಲ್ಲಿ ತಳ ಸೇರುತ್ತದೆ, ಹಚ್ಚಿದರೆ ಎಮರಿ ಪೇಪರ್ ಹಾಗೆ ಚರಚರ ಅನ್ನುತ್ತದೆ. ಸೀಮೆಸುಣ್ಣ ಒಂದೇ ದಿನಕ್ಕೆ ಸವೆದು ಹೋಗುತ್ತದೆ, ಅಕ್ಷರವೂ ಒಡೆದು ಕಾಣುತ್ತದೆ.

ಪಿಒಪಿ ಆಗುತ್ತದೆ. ಒಂದು ಕಪ್ ಪೇಂಟಿಗೆ ಅದೇ ಕಪ್‌ನ ಮೂರನೇ ಒಂದು ಭಾಗ ಪಿಒಪಿ, ಅಷ್ಟೇ ನೀರು. ಮೊದಲು ಪಿಒಪಿಯನ್ನು ನೀರಿನಲ್ಲಿ ಗಂಟಿಲ್ಲದೆ ಕಲಸಿ, ತಕ್ಷಣ ಪೇಂಟಿಗೆ ಸೇರಿಸಬೇಕು. ತಡ ಮಾಡಿದರೆ ಬಟ್ಟಲಲ್ಲೇ ಕಲ್ಲಾಗುತ್ತದೆ. ಮೇಲ್ಮೈ ಗ್ರೌಟಿನಷ್ಟು ಗಟ್ಟಿ ಬರುವುದಿಲ್ಲ. ಹೆಸರುಪಟ್ಟಿ, ಡಬ್ಬಿ ಮುಚ್ಚಳದಂಥ ಸಣ್ಣಪುಟ್ಟದಕ್ಕೆ ಸಾಕು. ದಿನಾ ಬರೆದು ಅಳಿಸುವ ಹಲಗೆಗೆ ಗ್ರೌಟೇ ಒಳ್ಳೆಯದು. ಟೈಲ್ಸ್ ಹಾಕುವ ಮೇಸ್ತ್ರಿಯನ್ನು ಕೇಳಿ, ಅವರ ಹತ್ತಿರ ಅರ್ಧ ಉಳಿದ ಪ್ಯಾಕೆಟ್ ಇದ್ದೇ ಇರುತ್ತದೆ.

ದೊಡ್ಡ ಹಲಗೆ ಮಾಡುವವರು ಇಷ್ಟೆಲ್ಲ ಕಲಸುವುದೇ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ಲ್ಯಾಕ್‌ಬೋರ್ಡ್ ಪೇಂಟ್ ಅಂತಲೇ ಸಿಗುತ್ತದೆ, ಶಾಲೆಯವರು ತೆಗೆದುಕೊಳ್ಳುವುದು ಅದನ್ನೇ. ಅದು ಆಯಿಲ್ ಪೇಂಟ್. ಟರ್ಪಂಟೈನ್ ವಾಸನೆ ಎರಡು ದಿನ ಇರುತ್ತದೆ, ಮಲಗುವ ಕೋಣೆಯಲ್ಲಿ ಹಚ್ಚಬಾರದು. ಬಣ್ಣ ಕಪ್ಪು ಅಥವಾ ಹಸಿರು, ಅಷ್ಟೇ. ನಿಮಗೆ ಕಡು ನೀಲಿಯೋ ಕೆಂಪು ಮಣ್ಣಿನ ಬಣ್ಣವೋ ಬೇಕಿದ್ದರೆ ಮನೆಯಲ್ಲಿ ಕಲಸುವುದೇ ಚೆಂದ. ಯಾವುದೇ ಬಣ್ಣವಾದರೂ ಗಾಢವಾಗಿರಬೇಕು, ತೆಳು ಬಣ್ಣದ ಮೇಲೆ ಬಿಳಿ ಅಕ್ಷರ ಕಾಣುವುದಿಲ್ಲ.

ಸಾಸಿವೆಡಬ್ಬಿ ಅವರೇ, ಈಗ ಬಾಟಲಿ. ಗಾಜು ಬಣ್ಣವನ್ನು ಹಿಡಿಯುವುದೇ ಇಲ್ಲ. ಅಡುಗೆಮನೆಯ ಬಾಟಲಿಗೆ ಕಣ್ಣಿಗೆ ಕಾಣದ ಎಣ್ಣೆ ಜಿಡ್ಡು ಬೇರೆ ಇರುತ್ತದೆ. ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಎಮರಿಯಲ್ಲಿ ಮಂಕು ಮಾಡಿ, ಗಾಜಿಗೆ ಹಿಡಿಯುವ ಪ್ರೈಮರ್ ಹಚ್ಚಿದರೆ ನಿಲ್ಲುತ್ತದೆ. ಆದರೂ ದಿನಾ ತೊಳೆಯುವ ಬಾಟಲಿ ಮೇಲೆ ವರ್ಷಗಟ್ಟಲೆ ಇರುತ್ತದೆ ಅಂತ ನಾನು ಮಾತು ಕೊಡಲಾರೆ. ತಗಡಿನ ಮುಚ್ಚಳದ ಮೇಲ್ಭಾಗಕ್ಕೆ ಮಾತ್ರ ಹಚ್ಚಿ. ಮುಚ್ಚಳವನ್ನು 220 ಎಮರಿಯಲ್ಲಿ ತಿಕ್ಕಿ, ಮೆಟಲ್ ಪ್ರೈಮರ್ ಒಂದು ಕೋಟ್, ಮೇಲೆ ಕರಿಹಲಗೆ ಬಣ್ಣ ಎರಡು ಕೋಟ್. ಒಳಭಾಗಕ್ಕೆ, ಬಾಯಿಯ ಅಂಚಿಗೆ ತಾಗಬಾರದು, ಊಟದ ಸಾಮಾನು ಇರುವ ಜಾಗ ಅದು.

ಬಣ್ಣ ಹಿಡಿದಿದೆಯಾ ಅಂತ ಪರೀಕ್ಷೆ ಮಾಡಲು ಒಂದು ಮುಚ್ಚಳವನ್ನು ಬಲಿ ಕೊಡಿ. ಬ್ಲೇಡಿನಲ್ಲಿ ಅಡ್ಡ ಉದ್ದ ನಾಲ್ಕು ಗೀರು ಹಾಕಿ, ಮೇಲೆ ಸೆಲೋಟೇಪ್ ಒತ್ತಿ, ರಪ್ಪಂತ ಎಳೆಯಿರಿ. ಟೇಪಿಗೆ ಬಣ್ಣದ ಚೌಕಗಳು ಬಂದರೆ ಕೆಳಗಿನ ತಯಾರಿ ಸಾಲದು ಅಂತ ಅರ್ಥ.

ಕುಂಡದ ಗುಳ್ಳೆ ಬರುವುದು ಒಳಗಿನಿಂದ. ಸುಟ್ಟ ಮಣ್ಣು ನೀರು ಕುಡಿಯುತ್ತದೆ, ಹೊರಗೆ ಬಿಡುತ್ತದೆ. ಹೋಗುವಾಗ ನೀರು ಮತ್ತು ಗೊಬ್ಬರದಲ್ಲಿದ್ದ ಉಪ್ಪನ್ನೂ ಹೊತ್ತು ತರುತ್ತದೆ. ನೀವು ಹೊರಗೆ ಬಣ್ಣ ಹಚ್ಚಿ ದಾರಿ ಮುಚ್ಚಿದಿರಿ, ಅದು ಬಣ್ಣವನ್ನೇ ತಳ್ಳಿಕೊಂಡು ಬಂತು. ಗಿಡ ಹಾಕಿರುವ ಕುಂಡಕ್ಕೆ ಮೇಲಿನ ದಪ್ಪ ಅಂಚಿಗೆ ಮಾತ್ರ ಹಚ್ಚಿ, ಅಲ್ಲಿಗೆ ನೀರು ಕಡಿಮೆ ಬರುತ್ತದೆ. ಇಡೀ ಕುಂಡ ಕರಿಹಲಗೆ ಆಗಲೇಬೇಕಾ? ಹಾಗಿದ್ದರೆ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿಟ್ಟು, ಅದನ್ನು ಬಣ್ಣದ ಮಣ್ಣಿನ ಕುಂಡದೊಳಗೆ ಕೂರಿಸಿ. ದೊಡ್ಡಪತ್ರೆಗೆ ಏನೂ ತೊಂದರೆ ಇಲ್ಲ.


ಕಡಲತಡಿ (ಕುಂದಾಪುರ) ಬರೆದದ್ದು:

ನಮ್ಮ ಬದಿಯವರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಆಷಾಢದಲ್ಲಿ ಒಂದು ಹಲಗೆ ಹಚ್ಚಿದೆ. ಮೂರು ದಿನ ಬಿಟ್ಟು ಉಗುರು ಒತ್ತಿದರೆ ಮೇಣದ ಹಾಗೆ ಗುರುತು ಬೀಳುತ್ತಿತ್ತು. ಹತ್ತು ದಿನ ಕಾದ ಮೇಲೆ ಗಟ್ಟಿಯಾಯಿತು. ಹಿಂದಿನ ಮುಖಕ್ಕೆ ಪ್ರೈಮರ್ ಹಾಕಿರಲಿಲ್ಲ, ಅಲ್ಲಿ ಬೂಷ್ಟು ಹಿಡಿಯಿತು. ಈಗ ದೀಪಾವಳಿ ಕಳೆದ ಮೇಲೆಯೇ ಬ್ರಶ್ ಮುಟ್ಟುವುದು.

ಗೋಡೆಗೆ ಹಚ್ಚುವವರಿಗೂ ಒಂದು ಮಾತು. ಹಳೇ ಮನೆಯ ಸುಣ್ಣ, ಡಿಸ್ಟೆಂಪರ್ ಮೇಲೆ ನೇರವಾಗಿ ಹಚ್ಚಬೇಡಿ. ಅಂಗೈ ಒತ್ತಿ ಎಳೆದು ನೋಡಿ, ಕೈ ಬೆಳ್ಳಗಾದರೆ ನಿಮ್ಮ ಬಣ್ಣವೂ ಆ ಪುಡಿಯ ಮೇಲೇ ಕೂರುತ್ತದೆ, ಅದರ ಜೊತೆಗೇ ಉದುರುತ್ತದೆ.

ಇಲ್ಲಿ ಅಡಿಕೆ ಹಾಳೆ ತಟ್ಟೆ ಸುಲಭವಾಗಿ ಸಿಗುತ್ತದೆ. ನಾನು ಊಟಕ್ಕೆ ಬಳಸದ ಸಣ್ಣ ಚೌಕ ತಟ್ಟೆಗಳಿಗೆ ಎರಡೂ ಕಡೆ ಬಣ್ಣ ಹಚ್ಚಿ, ಹಿಂದೆ ತೆಂಗಿನ ಹುರಿ ಕಟ್ಟಿ ಬಾಗಿಲಿಗೆ ತೂಗುಹಾಕಿದ್ದೇನೆ. ಅಂಚು ಮೇಲೆದ್ದಿರುವುದರಿಂದ ಚೌಕಟ್ಟೇ ಬೇಡ, ಸೀಮೆಸುಣ್ಣದ ಪುಡಿ ಕೆಳಗೂ ಬೀಳುವುದಿಲ್ಲ. ಹಾಳೆಯ ಗೆರೆಗಳು ಬಣ್ಣದ ಕೆಳಗೆ ಸಣ್ಣಗೆ ಕಾಣುತ್ತವೆ. ನನಗೆ ಅದೇ ಇಷ್ಟ.


ಸಾಸಿವೆಡಬ್ಬಿ ಬರೆದದ್ದು (ಹನ್ನೆರಡು ದಿನದ ನಂತರ):

ಎಲ್ಲರಿಗೂ ವರದಿ ಕೊಡಲು ಬಂದೆ.

ಬಡಗಿ ಪ್ಲೈ ತುಂಡು ಸುಮ್ನೆ ಕೊಟ್ಟರು, ಅಂಚನ್ನೂ ಅವರೇ ನಯ ಮಾಡಿದರು. ಪ್ರೈಮರ್, ಅಕ್ರಿಲಿಕ್ ಬಾಟಲಿ, ರೋಲರ್, ಎಮರಿ, ಟೇಪು ಎಲ್ಲ ಸೇರಿ 400 ರೂಪಾಯಿ ದಾಟಲಿಲ್ಲ. ಗ್ರೌಟ್ ಒಂದೇ ಚಮಚ, ಚಾಕುವಿನಲ್ಲಿ ತಲೆ ಸವರಿಯೇ ಹಾಕಿದೆ. ಸೋಸಿದಾಗ ಕಾಲುಚೀಲದಲ್ಲಿ ಸಾಸಿವೆಯಷ್ಟು ದಪ್ಪದ ಗಂಟುಗಳು ಉಳಿದವು. ಹೋದ ಸಲ ಅವೆಲ್ಲ ಬಾಗಿಲ ಮೇಲೇ ಇದ್ದವು ಅಂತ ಆಗ ಅರ್ಥವಾಯಿತು.

ಬಾಗಿಲಿನ ಬೂದಿ ಪದರ ಸ್ಪಿರಿಟ್‌ಗೆ ಪೂರ್ತಿ ಬಂತು. ಕೆಳಗಿನ ಹಳೇ ಬಣ್ಣ ಅಮ್ಮನ ಕಾಲದ ಹಾಗೇ ಇದೆ.

ಹಲಗೆಯನ್ನು ನಾಲ್ಕು ದಿನ ಬೀರುವಿನ ಮೇಲೆ ಮಲಗಿಸಿಟ್ಟಿದ್ದೆ. ದಿನಾ ಉಗುರು ಒತ್ತಿ ನೋಡುವ ಕೆಲಸ ಮಗಳದ್ದು. ಐದನೇ ದಿನ ಇಬ್ಬರೂ ಕೂತು ಸೀಮೆಸುಣ್ಣ ಅಡ್ಡ ಮಲಗಿಸಿ ಉಜ್ಜಿದೆವು. ಒಂದು ಇಡೀ ಕಡ್ಡಿ ಖಾಲಿಯಾಯಿತು. ಮೊದಲು ಗರಗರ ಅನ್ನುತ್ತಿದ್ದದ್ದು ಕೊನೆಗೆ ಸದ್ದೇ ಇಲ್ಲದೆ ಜಾರತೊಡಗಿತು. ಒರೆಸಿದ ಮೇಲೆ ಹಲಗೆ ಕಡುಗಪ್ಪು ಬಿಟ್ಟು ಸ್ವಲ್ಪ ಮಂಜು ಕವಿದ ಹಾಗೆ, ನಿಜವಾದ ಶಾಲೆಯ ಹಲಗೆಯ ಬಣ್ಣಕ್ಕೆ ಬಂತು. "ಹಾಲು 2, ಮೊಸರು 1" ಅಂತಲೇ ಬರೆದೆ. ಒಣಬಟ್ಟೆಯಲ್ಲಿ ಒಂದೇ ಸಲ ಒರೆಸಿದೆ, ಪೂರ್ತಿ ಹೋಯಿತು!

ಮುಚ್ಚಳಗಳಲ್ಲಿ ನಾಲ್ಕು ಆಗಿವೆ. ಟೇಪ್ ಪರೀಕ್ಷೆಯಲ್ಲಿ ಒಂದರಲ್ಲಿ ಎರಡು ಚೌಕ ಎದ್ದವು. ಅದನ್ನು ನಾನು ಅವಸರದಲ್ಲಿ ಸರಿಯಾಗಿ ತಿಕ್ಕಿರಲಿಲ್ಲ. ಕುಂಡಗಳನ್ನು ಕೆರೆದು ಒಣಗಲು ಇಟ್ಟಿದ್ದೇನೆ, ಅಂಚಿಗೆ ಮಾತ್ರ ಹಚ್ಚುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಕಲಸಿದ ಬಣ್ಣ ಎರಡು ಚಮಚ ಮಿಕ್ಕಿದೆ, ಡಬ್ಬಿಯಲ್ಲಿ ಮುಚ್ಚಿ ಇಡಬಹುದಾ? ಮತ್ತೆ ತಂಗಿ ಚಾಕ್ ಪೆನ್ನು ತಂದುಕೊಟ್ಟಿದ್ದಾಳೆ, ಸೀಮೆಸುಣ್ಣದ್ದೇ ದ್ರವ ಇರುವ ಮಾರ್ಕರ್. ಇದರ ಮೇಲೆ ಬರೆಯಬಹುದಾ?


ಗಾರೆಗುಂಡು ಬರೆದದ್ದು:

ಓದಿ ತುಂಬಾ ಖುಷಿಯಾಯಿತು.

ಮಿಕ್ಕ ಬಣ್ಣ ಇಡಲು ಬರುವುದಿಲ್ಲ, ಗ್ರೌಟಿನ ಸಿಮೆಂಟ್ ಡಬ್ಬಿಯೊಳಗೇ ಗಟ್ಟಿಯಾಗುತ್ತದೆ. ಪೇಂಟ್ ಬೇರೆ, ಗ್ರೌಟ್ ಪುಡಿ ಬೇರೆ ಇಡಿ. ಪುಡಿಯ ಪ್ಯಾಕೆಟ್ಟಿಗೆ ಗಾಳಿ ಹೋಗದ ಹಾಗೆ ರಬ್ಬರ್ ಹಾಕಿ. ಬೇಕಾದಾಗ ಬೇಕಾದಷ್ಟೇ ಕಲಸಿಕೊಳ್ಳಿ.

ಚಾಕ್ ಪೆನ್ನನ್ನು ಈ ಹಲಗೆಗೆ ತಾಗಿಸಬೇಡಿ. ನಾವು ಕಲಸಿದ ಮೇಲ್ಮೈಗೆ ಸಣ್ಣ ರಂಧ್ರಗಳಿವೆ, ಆ ದ್ರವ ಒಳಗೆ ಇಳಿದರೆ ಮತ್ತೆ ನೆರಳು ಉಳಿಯುತ್ತದೆ. ಅದನ್ನು ಅಳಿಸಲು ಸ್ಪಿರಿಟ್ ಹಾಕಿದಿರೋ, ಹಲಗೆಯ ಬಣ್ಣವೇ ಎದ್ದು ಬರುತ್ತದೆ. ಆ ಪೆನ್ನು ಗಾಜಿಗೆ ಸರಿ. ಬಾಟಲಿಯ ಮೈಮೇಲೆ ನೇರವಾಗಿ ಬರೆಯಿರಿ, ಬಣ್ಣವೇ ಬೇಕಿಲ್ಲ. ತೊಳೆದಾಗ ಹೋಗುತ್ತದೆ, ಮತ್ತೆ ಬರೆದರಾಯಿತು.


ಸಾಸಿವೆಡಬ್ಬಿ ಬರೆದದ್ದು:

ಬಾಟಲಿಯ ಮೇಲೆ ಬರೆದು ನೋಡಿದೆ ಸರ್, ಚೆನ್ನಾಗಿ ಕಾಣುತ್ತಿದೆ. ಮೊದಲು ಬರೆದದ್ದು "ಮೆಂತ್ಯ". ಉಳಿದ ಎರಡು ಮುಚ್ಚಳ ಭಾನುವಾರ ತಿಕ್ಕುತ್ತೇನೆ, ಈ ಸಲ ಅಂಚಿನವರೆಗೂ. ಹಲಗೆಯ ಕೆಳಗಿನ ಅರ್ಧ ಈಗ ಮಗಳ ವಶ. ಹಾಲಿನ ಲೆಕ್ಕದ ಕೆಳಗೆ ಒಂದು ಆನೆ ಬರೆದಿದ್ದಾಳೆ, ಅದನ್ನು ಅಳಿಸಬಾರದಂತೆ.